ಕುದ್ರೋಳಿಯ ಗುರು, ಆಲುವಾದ ಸಭೆ

ನ್ಯೂಯಾರ್ಕ್–ನ್ಯೂಜೆರ್ಸಿಯ ಮೂಲೆಮೂಲೆಗಳಿಂದ ಮಕ್ಕಳುಮರಿಗಳೊಂದಿಗೆ ಫೋರ್ಟ್ ಲೀಗೆ ಬಂದು ಸೇರಿರುವ ಕನ್ನಡದ, ತುಳುವಿನ, ಕೊಂಕಣಿಯ, ಬ್ಯಾರಿ ಭಾಷೆಯ ಬಂಧುಗಳೆ,

ಸಂಘಟಕರು ನನಗೆ ಕೊಟ್ಟ ವಿಷಯ ಸರ್ವಧರ್ಮ ಸಮನ್ವಯ. ಈ ವಿಷಯ ಕೊಟ್ಟರೆ ನಮ್ಮಲ್ಲಿ ಯಾರು ಬೇಕಾದರೂ ನಿದ್ದೆಗಣ್ಣಿನಲ್ಲೂ ಇಪ್ಪತ್ತು ನಿಮಿಷ ಮಾತಾಡಿಯಾರು. 1893ರ ಶಿಕಾಗೊ ಸರ್ವಧರ್ಮ ಸಭೆಗೆ ಹೋಗಿ, ವಿವೇಕಾನಂದರನ್ನು ನೆನೆದು, ಚಪ್ಪಾಳೆ ಗಿಟ್ಟಿಸಿ ಕೂತುಬಿಡಬಹುದು. ವಿವೇಕಾನಂದರ ಬಗ್ಗೆ ನನಗೆ ಗೌರವ ಕಡಿಮೆಯೇನಿಲ್ಲ. ಮುಂದೆ ಅವರೂ ಬರುತ್ತಾರೆ. ಆದರೆ ನಾನು ನಿಮ್ಮನ್ನು ಕರೆದುಕೊಂಡು ಹೋಗುವುದು ಶಿಕಾಗೊಗಲ್ಲ, ಕೇರಳದ ಪೆರಿಯಾರ್ ನದಿಯ ದಂಡೆಯ ಆಲುವಾಕ್ಕೆ.

1924ರ ಶಿವರಾತ್ರಿ. ಮಾರ್ಚ್ 3 ಮತ್ತು 4. ಆಲುವಾದ ಅದ್ವೈತಾಶ್ರಮದಲ್ಲಿ ನಾರಾಯಣ ಗುರುಗಳು ಸರ್ವಮತ ಸಮ್ಮೇಳನ ಕರೆದರು. ಅಧ್ಯಕ್ಷತೆ ಮದ್ರಾಸ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಸದಾಶಿವ ಅಯ್ಯರ್ ಅವರದು. ಕ್ರೈಸ್ತರು, ಮುಸಲ್ಮಾನರು, ಬೌದ್ಧರು, ಆರ್ಯಸಮಾಜದವರು, ಬ್ರಹ್ಮಸಮಾಜದವರು ಬಂದು ತಂತಮ್ಮ ಮತದ ಬಗ್ಗೆ ಮಾತಾಡಿದರು. ಇಲ್ಲಿ ವಾದ ಮಾಡಿ ಗೆಲ್ಲುವುದಕ್ಕೆ ಸೇರಿಲ್ಲ, ತಿಳಿಯುವುದಕ್ಕೂ ತಿಳಿಸುವುದಕ್ಕೂ ಸೇರಿದ್ದೇವೆ ಎಂಬ ಸೂಚನೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದರು. ನನಗೆ ಗೊತ್ತಿರುವ ಮಟ್ಟಿಗೆ ಧರ್ಮದ ಸಭೆಯೊಂದಕ್ಕೆ ಇದಕ್ಕಿಂತ ಕಷ್ಟದ ನಿಯಮ ಇನ್ನೊಂದಿಲ್ಲ. ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಅದನ್ನು ಪಾಲಿಸುವುದು ನಮಗೆ ಆಗಿಲ್ಲ.

ಆ ಕಾಲ ಎಂಥದೆಂದು ನೋಡಿ. ಮಲಬಾರಿನಲ್ಲಿ 1921ರ ದಂಗೆಯ ರಕ್ತಪಾತ ನಡೆದು ಮೂರು ವರ್ಷವೂ ಆಗಿರಲಿಲ್ಲ. ಗುರುಗಳ ಸ್ವಂತ ಸಮುದಾಯವಾದ ಈಳವರಲ್ಲಿ ಬೌದ್ಧರಾಗೋಣ ಎನ್ನುವವರಿದ್ದರು, ಕ್ರೈಸ್ತರಾಗೋಣ ಎನ್ನುವವರಿದ್ದರು. ಸಮ್ಮೇಳನ ಮುಗಿದು ತಿಂಗಳು ತುಂಬುವ ಮೊದಲೇ, ಮಾರ್ಚ್ 30ರಂದು, ವೈಕಂ ಸತ್ಯಾಗ್ರಹ ಶುರುವಾಯಿತು. ಗುಡಿಯೊಳಗೆ ಹೋಗುವ ಹಕ್ಕಿಗಲ್ಲ, ಗುಡಿಯ ಸುತ್ತಲಿನ ಬೀದಿಯಲ್ಲಿ ಕಾಲಿಡುವ ಹಕ್ಕಿಗಾಗಿ ನಡೆದ ಹೋರಾಟ ಅದು. ಯಾವ ಸಮುದಾಯಕ್ಕೆ ಬೀದಿಯೇ ಮುಚ್ಚಿತ್ತೋ ಆ ಸಮುದಾಯದ ಸಂತ, ಎಲ್ಲ ಮತಗಳವರನ್ನೂ ತನ್ನ ಅಂಗಳಕ್ಕೆ ಕರೆದು ಕೂರಿಸಿ ಅವರ ಮಾತು ಕೇಳಿದ. ಶಿಕಾಗೊಗೂ ಆಲುವಾಕ್ಕೂ ಇರುವ ವ್ಯತ್ಯಾಸ ಇದು.

ಗುರುಗಳ ಜೀವನವನ್ನು ವಿಸ್ತರಿಸಿ ಹೇಳಲು ಹೋಗುವುದಿಲ್ಲ. ತಿರುವನಂತಪುರದ ಹತ್ತಿರದ ಚೆಂಪಳಂತಿಯಲ್ಲಿ ಹುಟ್ಟಿದರು, ಸಂಸ್ಕೃತ ಓದಿದರು, ಮನೆ ಬಿಟ್ಟು ಅಲೆದರು, ಮರುತ್ವಾಮಲೆಯ ಗುಹೆಯಲ್ಲಿ ತಪಸ್ಸಿಗೆ ಕೂತರು. 1888ರಲ್ಲಿ ಅರುವಿಪ್ಪುರದಲ್ಲಿ ನೆಯ್ಯಾರ್ ಹೊಳೆಯಿಂದ ಒಂದು ಕಲ್ಲೆತ್ತಿ ತಂದು ಶಿವನೆಂದು ಪ್ರತಿಷ್ಠೆ ಮಾಡಿದರು. ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದವರಿಗೆ, ನಾನು ಪ್ರತಿಷ್ಠೆ ಮಾಡಿದ್ದು ನಮ್ಮ ಈಳವ ಶಿವನನ್ನು ಎಂದರಂತೆ. ಜಾತಿಭೇದ, ಮತದ್ವೇಷ ಎರಡೂ ಇಲ್ಲದೆ ಎಲ್ಲರೂ ಒಡಹುಟ್ಟಿದವರಂತೆ ಬಾಳುವ ಮಾದರಿ ಜಾಗ ಇದು ಎಂದು ಅಲ್ಲಿ ಬರೆಸಿದರು. ಆ ಎರಡು ಪದಗಳು ಜೊತೆಯಾಗಿಯೇ ಬಂದಿರುವುದನ್ನು ಗಮನಿಸಿ. ಮೊದಲನೆಯದನ್ನು ಮುಟ್ಟದೆ ಎರಡನೆಯದರ ಬಗ್ಗೆ ಭಾಷಣ ಮಾಡುವ ಕಲೆಯಲ್ಲಿ ನಾವು ಪಳಗಿದ್ದೇವೆ.

ಈ ಕತೆಯಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ. ಡಾಕ್ಟರ್ ಪಲ್ಪು ಅವರು ವೈದ್ಯಕೀಯ ಓದಿ ಬಂದಾಗ ಈಳವರೆಂಬ ಕಾರಣಕ್ಕೆ ತಿರುವಾಂಕೂರು ಕೆಲಸ ಕೊಡಲಿಲ್ಲ. ಕೊಟ್ಟಿದ್ದು ಮೈಸೂರು ಸಂಸ್ಥಾನ. ಬೆಂಗಳೂರಿಗೆ ಪ್ಲೇಗು ಬಡಿದು ಊರಿಗೆ ಊರೇ ಖಾಲಿಯಾದಾಗ ರೋಗಿಗಳ ಶಿಬಿರಗಳಲ್ಲಿ ನಿಂತು ದುಡಿದವರು ಅವರು. 1896ರಲ್ಲಿ ತಮ್ಮವರಿಗೆ ಶಾಲೆ ಮತ್ತು ಸರ್ಕಾರಿ ಕೆಲಸ ಕೊಡಿ ಎಂದು 13,176 ಮಂದಿಯ ಸಹಿ ಹಾಕಿಸಿ ತಿರುವಾಂಕೂರಿನ ಮಹಾರಾಜರಿಗೆ ಅರ್ಜಿ ಕೊಟ್ಟವರೂ ಅವರೇ. ಅದಕ್ಕೂ ಮೊದಲು, 1892ರಲ್ಲಿ, ಮೈಸೂರು ಸೀಮೆಗೆ ಬಂದ ವಿವೇಕಾನಂದರು ಅವರಿಗೆ ಹೇಳಿದ್ದು ಇಷ್ಟು: ನಿಮ್ಮ ಜನರ ನಡುವಿನಿಂದಲೇ ಒಬ್ಬ ಆಧ್ಯಾತ್ಮಿಕ ಪುರುಷನನ್ನು ಮುಂದಿಟ್ಟುಕೊಂಡು ಹೊರಡಿ. ಪಲ್ಪು ನಾರಾಯಣ ಗುರುಗಳ ಜೊತೆ ಸೇರಿದರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಹುಟ್ಟಿತು. ಅದರ ಕಾರ್ಯದರ್ಶಿ, ಮಹಾಕವಿ ಕುಮಾರನ್ ಆಶಾನ್, ಹೆಚ್ಚಿನ ಸಂಸ್ಕೃತ ಕಲಿತದ್ದೂ ಬೆಂಗಳೂರಿನಲ್ಲಿ, ಪಲ್ಪು ಅವರ ಆಸರೆಯಲ್ಲಿ.

ಇನ್ನು ಮಂಗಳೂರು. ನಮ್ಮ ಕರಾವಳಿಯಲ್ಲಿ ಮತಗಳು ಒಂದಕ್ಕೊಂದು ಅಪರಿಚಿತವಾಗಿದ್ದವಲ್ಲ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯನ್ನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದನೆಂಬ ಐತಿಹ್ಯವನ್ನು ಅಜ್ಜಿಯ ಬಾಯಲ್ಲಿ ಕೇಳದವರು ಈ ಸಭೆಯಲ್ಲಿ ಕಡಿಮೆ. ಅತ್ತೂರಿನ ಚರ್ಚಿನ ಜಾತ್ರೆಗೆ ಹಿಂದೂಗಳು ಮೇಣದ ಬತ್ತಿ ಹಿಡಿದು ಹೋಗುತ್ತಾರೆ. ಇದನ್ನೆಲ್ಲ ಹೇಳಿ ಎದೆಯುಬ್ಬಿಸುವಾಗ ಒಂದು ಮಾತು ನುಂಗಿಬಿಡುತ್ತೇವೆ. ಅದೇ ಕರಾವಳಿಯಲ್ಲಿ ತಾಳೆ, ತೆಂಗು ಹತ್ತಿ ಕಳ್ಳಿಳಿಸುವ ಮೂರ್ತೆ ಮಾಡುತ್ತಿದ್ದ, ಗರಡಿಗಳಲ್ಲಿ ಅವಳಿ ವೀರರಾದ ಕೋಟಿ–ಚೆನ್ನಯರನ್ನು ಆರಾಧಿಸುತ್ತಿದ್ದ ಬಿಲ್ಲವ, ದೊಡ್ಡ ದೇವಸ್ಥಾನದ ಹೊರಗೇ ನಿಲ್ಲಬೇಕಿತ್ತು. ಸೌಹಾರ್ದ ಇತ್ತು, ಸಮಾನತೆ ಇರಲಿಲ್ಲ. 1834ರಲ್ಲಿ ಬಾಸೆಲ್ ಮಿಷನ್ ಬಂತು. ಅದರ ಶಾಲೆ, ನೇಯ್ಗೆ, ಹಂಚಿನ ಕಾರ್ಖಾನೆಗಳ ಜೊತೆ ಅದರ ದೇವರನ್ನೂ ಒಪ್ಪಿಕೊಂಡವರಲ್ಲಿ ಬಿಲ್ಲವರು ಬಹಳ ಮಂದಿ. ಕೆಲವರು ಬ್ರಹ್ಮಸಮಾಜದ ಬಾಗಿಲು ತಟ್ಟಿದರು. ಅವರನ್ನು ಆಸೆಬುರುಕರು ಎಂದವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ನೀವು ಯಾವ ಬಾಗಿಲು ತೆರೆದಿಟ್ಟಿದ್ದಿರಿ?

ಹೊಯಿಗೆಬಜಾರಿನ ಕೊರಗಪ್ಪನವರೂ ಇತರ ಬಿಲ್ಲವ ಮುಖಂಡರೂ ನಾರಾಯಣ ಗುರುಗಳನ್ನು ಮಂಗಳೂರಿಗೆ ಕರೆತಂದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಬೇರೆ ಮತಕ್ಕೆ ಹೋದವರನ್ನು ಗುರುಗಳು ಬೈಯಲಿಲ್ಲ, ಉಳಿದವರನ್ನು ಹೊಗಳಲೂ ಇಲ್ಲ. ಒಂದು ಬಾಗಿಲು ತೆರೆದು ಕೊಟ್ಟರು. ಆ ದೇವಸ್ಥಾನ 1991ರಲ್ಲಿ ಹೊಸ ರೂಪ ಪಡೆಯಿತು, ರಾಜೀವ್ ಗಾಂಧಿ ಬಂದು ಉದ್ಘಾಟಿಸಿದರು. 2013ರಲ್ಲಿ ಇಬ್ಬರು ವಿಧವೆಯರು ಅಲ್ಲಿ ಅರ್ಚಕರಾಗಿ ಪೂಜೆಗೆ ನಿಂತರು. ಇಂದು ಮಂಗಳೂರು ದಸರಾದ ಬೆಳಕನ್ನು ನೀವೆಲ್ಲ ಫೋನಿನಲ್ಲಿ ನೋಡಿ ಊರಿನ ನೆನಪಾಗಿ ನಿಟ್ಟುಸಿರು ಬಿಡುತ್ತೀರಿ. ಬೆಳಕು ಚೆಂದವೇ, ನನಗೆ ಆ ಇಬ್ಬರು ಹೆಣ್ಣುಮಕ್ಕಳು ಗರ್ಭಗುಡಿಯ ಹೊಸ್ತಿಲು ದಾಟಿದ್ದು ಇನ್ನೂ ಚೆಂದ.

ಗುಡಿ ಕಟ್ಟಿಸುತ್ತಲೇ ಗುರುಗಳು ಗುಡಿಯನ್ನೂ ದಾಟಿ ನಡೆದರು. ಕಾರಮುಕ್ಕಿನಲ್ಲಿ ವಿಗ್ರಹದ ಬದಲು ದೀಪ ಇಟ್ಟರು. 1927ರಲ್ಲಿ ಕಳವಂಕೋಡದಲ್ಲಿ ಕನ್ನಡಿಯನ್ನೇ ಪ್ರತಿಷ್ಠಾಪಿಸಿದರು. ಅವರು ಬರೆದ ‘ದೈವದಶಕಂ’ ಎಂಬ ಪ್ರಾರ್ಥನೆಯಲ್ಲಿ ಯಾವ ಮತದ ದೇವರ ಹೆಸರನ್ನೂ ಹಿಡಿದು ಕೂಗಿಲ್ಲ. ಯಾರು ಬೇಕಾದರೂ ಹೇಳಿಕೊಳ್ಳಬಹುದು. ‘ಅನುಕಂಪಾದಶಕಂ’ನಲ್ಲಿ ಕೃಷ್ಣ, ಬುದ್ಧ, ಶಂಕರರ ಪಂಕ್ತಿಯಲ್ಲೇ ಯೇಸುವನ್ನೂ ಪೈಗಂಬರರನ್ನೂ ಕರುಣೆಯ ರೂಪಗಳೆಂದು ನೆನೆದರು.

1925ರ ಮಾರ್ಚಿನಲ್ಲಿ ಗಾಂಧೀಜಿ ಗುರುಗಳ ನೆಲೆಯಾದ ಶಿವಗಿರಿಗೆ ಬಂದರು. ಅವರ ಸಂಭಾಷಣೆಯ ಒಂದು ಭಾಗ ಇವತ್ತಿಗೂ ಚುರುಕು ಮುಟ್ಟಿಸುತ್ತದೆ. ಮೋಕ್ಷಕ್ಕೆ ಹಿಂದೂ ಧರ್ಮ ಸಾಕಲ್ಲವೆ ಎಂದು ಗಾಂಧೀಜಿ ಕೇಳಿದರು. ಬೇರೆ ಮತಗಳಲ್ಲೂ ಮೋಕ್ಷಕ್ಕೆ ದಾರಿ ಇದೆಯಲ್ಲ ಎಂದರು ಗುರುಗಳು. ಅದಿರಲಿ, ಹಿಂದೂ ಧರ್ಮ ಸಾಕೋ ಸಾಲದೋ ಎಂದು ಗಾಂಧೀಜಿ ಪಟ್ಟು ಹಿಡಿದರು. ಆಧ್ಯಾತ್ಮಿಕ ಬಿಡುಗಡೆಗೆ ಧಾರಾಳ ಸಾಕು, ಆದರೆ ಜನ ಬಯಸುತ್ತಿರುವುದು ಲೌಕಿಕ ಬಿಡುಗಡೆಯನ್ನು ಎಂದು ಉತ್ತರ ಬಂತು. ಮತಾಂತರದ ಬಗ್ಗೆ ನಾವು ನೂರು ವರ್ಷದಿಂದ ಮಾಡಿರುವ ಗದ್ದಲವನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೂ ಈ ಉತ್ತರದ ತೂಕ ಬರುವುದಿಲ್ಲ.

ಗುರುಗಳು ನಿಮ್ಮ ಈ ನ್ಯೂಜೆರ್ಸಿಗೂ ಒಂದು ಬಗೆಯಲ್ಲಿ ಬಂದಿದ್ದಾರೆ. ಡಾಕ್ಟರ್ ಪಲ್ಪು ಅವರ ಮಗ ನಟರಾಜನ್ ಹುಟ್ಟಿದ್ದು 1895ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆತ ನಾರಾಯಣ ಗುರುಗಳ ಶಿಷ್ಯನಾಗಿ, ನೀಲಗಿರಿಯಲ್ಲಿ ನಾರಾಯಣ ಗುರುಕುಲ ಕಟ್ಟಿ, ಪ್ಯಾರಿಸಿನಲ್ಲಿ ಡಾಕ್ಟರೇಟ್ ಪಡೆದು ನಟರಾಜ ಗುರು ಎನಿಸಿಕೊಂಡರು. ಇಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿ, ಮಾರಿಸ್ ಕೌಂಟಿಯ ಸ್ಕೂಲೀಸ್ ಮೌಂಟನ್. ಅಲ್ಲಿಯ ಶಿಷ್ಯರೊಬ್ಬರ ನೆಲೆಯಲ್ಲಿ ನಟರಾಜ ಗುರು ತಂಗಿ ಪಾಠ ಹೇಳಿದ್ದರು. ನಮ್ಮಲ್ಲಿ ಹೆಚ್ಚಿನವರ ವೀಸಾ ಅರ್ಜಿಗಳಿಗಿಂತ ಎಷ್ಟೋ ಮೊದಲಿನ ಮಾತಿದು.

ಈಗ ನಮ್ಮ ಮನೆಯ ವಿಚಾರ. ಈ ಸಭಾಂಗಣದಿಂದ ಹೊರಗೆ ಕಾಲಿಟ್ಟರೆ ಕೊರಿಯನ್ ಅಕ್ಷರದ ಬೋರ್ಡುಗಳು, ಕೊರಿಯನ್ನರ ಚರ್ಚುಗಳು. ಸೇತುವೆ ದಾಟಿದರೆ ಮ್ಯಾನ್‌ಹಟನ್‌ನ ಯಹೂದಿ ಮಂದಿರಗಳು, ಮಸೀದಿಗಳು. ಶಾಲೆಯ ಕಾರ್ಯಕ್ರಮದಲ್ಲಿ ನಾವು ಹೂವಿನಂಥ ಭಾಷೆಯಲ್ಲಿ ನಮ್ಮ ಧರ್ಮ ಎಲ್ಲರನ್ನೂ ಒಪ್ಪುತ್ತದೆ ಎನ್ನುತ್ತೇವೆ. ಮನೆಗೆ ಬಂದು ಮಗಳಿಗೆ ಗಂಡು ಹುಡುಕುವಾಗ ಮೊದಲು ನೋಡುವುದು ಜಾತಿಯ ಕಾಲಂ. ಗ್ರೀನ್ ಕಾರ್ಡ್ ಕೂಡ ಆಮೇಲೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಪಾಸು ಮಾಡಿದ ಅಂಥದೇ ಮಸೂದೆಗೆ ರಾಜ್ಯಪಾಲರು ಅಂಕಿತ ಹಾಕಲಿಲ್ಲ. ಕಾನೂನು ಬೇಕೋ ಬೇಡವೋ ಎಂಬುದರಲ್ಲಿ ನಿಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಇರಲಿ. ಆದರೆ ಕಡಲು ದಾಟಿದ ಮೇಲೆ ಜಾತಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಹೇಳುವವರು ದಯವಿಟ್ಟು ತಮ್ಮ ಮನೆಯ ವಾಟ್ಸಾಪ್ ಗುಂಪುಗಳನ್ನೊಮ್ಮೆ ಓದಿ ಬರಲಿ.

ಈ ಸಮ್ಮೇಳನದ ಅಧ್ಯಕ್ಷನಾಗಿ ಎರಡು ಠರಾವುಗಳನ್ನು ಸಭೆಯ ಮುಂದಿಡುತ್ತಿದ್ದೇನೆ. ಒಂದು, ನಮ್ಮ ಸ್ಮರಣ ಸಂಚಿಕೆಯ ವಧೂವರ ಪುಟದಿಂದ ಜಾತಿ, ಉಪಜಾತಿ, ಗೋತ್ರದ ಕಾಲಂಗಳನ್ನು ತೆಗೆಯುವುದು. ಜಾಹೀರಾತಿನ ಹಣ ಖೋತಾ ಆದೀತೆಂದು ಖಜಾಂಚಿಯವರು ಈಗಾಗಲೇ ನನ್ನ ಕಿವಿಯಲ್ಲಿ ಉಸುರಿದ್ದಾರೆ. ಅವರ ಲೆಕ್ಕ ಸರಿಯಿದೆ. ಎರಡು, ಮುಂದಿನ ಸಮ್ಮೇಳನದ ಒಂದು ಪೂರ್ತಿ ಬೆಳಗ್ಗೆಯನ್ನು ಆಲುವಾದ ನಿಯಮಕ್ಕೆ ಬಿಡುವುದು. ಈ ಊರಿನ ಪಾದ್ರಿ, ಇಮಾಮ್, ರಬ್ಬಿಗಳನ್ನು ಕರೆಯೋಣ; ಅವರು ಮಾತಾಡಲಿ, ನಾವು ಕೂತು ಕೇಳೋಣ, ಪ್ರಶ್ನೆಯಿದ್ದರೆ ತಿಳಿಯುವುದಕ್ಕಾಗಿ ಕೇಳೋಣ. ನಮ್ಮ ಧರ್ಮದಲ್ಲೂ ಇದೇ ಹೇಳಿದೆ ಎಂದು ಎದ್ದು ನಿಲ್ಲುವವರಿಗೆ ಮೈಕ್ ಕೊಡುವುದು ಬೇಡ.

ಊಟಕ್ಕೆ ಎಲೆ ಹಾಕಿದ್ದಾರೆ. ಮಧ್ಯಾಹ್ನ ಎರಡಕ್ಕೆ ಸಭೆ ಮತ್ತೆ ಸೇರಿದಾಗ ಮೊದಲನೆಯ ಠರಾವಿನ ಚರ್ಚೆ. ವಿರೋಧಿಸುವವರು ತಮ್ಮ ಹೆಸರನ್ನು ಕಾರ್ಯದರ್ಶಿಯವರಿಗೆ ಕೊಡಿ, ಅವರಿಗೇ ಮೊದಲು ಅವಕಾಶ.