ಊರಿನ ಅನುಮತಿ, ವ್ಯಕ್ತಿಯ ಸಮ್ಮತಿ
(ಲಕ್ಕುಂಡಿಯಲ್ಲಿ ಗ್ರಾಮ ಪಂಚಾಯತ್ ಸದಸ್ಯರು ಹಾಗೂ ಆರೋಗ್ಯ ಕಾರ್ಯಕರ್ತೆಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಆರೋಗ್ಯ ಸಂಶೋಧನೆಯ ತಂಡವೊಂದು ಊರಿಗೆ ಬಂದಾಗ ಸಾಮಾನ್ಯವಾಗಿ ಮೊದಲು ಕಾಣುವುದು ಪಂಚಾಯತ್ ಅಧ್ಯಕ್ಷರನ್ನು. ಅವರು ಒಪ್ಪಿದರೆ ಆಶಾ ಕಾರ್ಯಕರ್ತೆ ಮನೆಗಳನ್ನು ತೋರಿಸುತ್ತಾರೆ. ಆಕೆಯ ಮೇಲಿನ ವಿಶ್ವಾಸದಿಂದಲೇ ಜನರು ರಕ್ತದ ಮಾದರಿ ಕೊಡುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ಆದ್ದರಿಂದ ಊರಿನ ಅನುಮತಿ ಎಲ್ಲಿ ಮುಗಿಯುತ್ತದೆ, ವ್ಯಕ್ತಿಯ ಸಮ್ಮತಿ ಎಲ್ಲಿ ಆರಂಭವಾಗುತ್ತದೆ ಎಂಬುದು ಈ ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಸೇರಿದ ಪ್ರಶ್ನೆ.

ಗ್ರಾಮಗಳಲ್ಲಿ ಸಂಶೋಧನೆ ಬೇಕೇ ಎಂದರೆ, ಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಶೋಧಕರೊಡನೆ 2002ರಿಂದ 2005ರವರೆಗೆ ಆ ಜಿಲ್ಲೆಯ 1,620 ಗ್ರಾಮೀಣ ತಾಯಂದಿರಲ್ಲಿ ಮಿಸೊಪ್ರೊಸ್ಟೋಲ್ ಗುಳಿಗೆಯನ್ನು ಪರೀಕ್ಷಿಸಿದರು. ಗುಳಿಗೆ ಪಡೆದವರಲ್ಲಿ ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇಕಡಾ 6.4, ಪಡೆಯದವರಲ್ಲಿ ಶೇಕಡಾ 12. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಔಷಧವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆದರೆ ಅವರಲ್ಲಿ ಅರ್ಧದಷ್ಟು ತಾಯಂದಿರಿಗೆ ದೊರೆತದ್ದು ಔಷಧಾಂಶವಿಲ್ಲದ ಹುಸಿ ಗುಳಿಗೆ. ಹೋಲಿಕೆಯಿಲ್ಲದೆ ಔಷಧದ ಗುಣ ತಿಳಿಯದು, ನಿಜ. ಆದರೂ ಇಂಥ ಸಂಶೋಧನೆಯಲ್ಲಿ ತನಗೆ ಹುಸಿ ಗುಳಿಗೆ ಬರಬಹುದೆಂದು ತಾಯಿಗೆ ತಿಳಿದಿದೆಯೇ, ರಕ್ತಸ್ರಾವವಾದರೆ ಚಿಕಿತ್ಸೆ ಸಿದ್ಧವಿದೆಯೇ ಎಂದು ಸಂಶೋಧಕರಲ್ಲದ ಬೇರೊಬ್ಬರು ಮೊದಲೇ ಕೇಳಬೇಕಾಗುತ್ತದೆ. ನೈತಿಕ ಸಮಿತಿಯ ಕೆಲಸ ಅದೇ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಈ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು. ಅಧ್ಯಕ್ಷರೂ ಕನಿಷ್ಠ ಅರ್ಧದಷ್ಟು ಸದಸ್ಯರೂ ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರ ಜೊತೆಗೆ ಕಾನೂನು ಬಲ್ಲವರು, ಸಮಾಜವಿಜ್ಞಾನಿ ಹಾಗೂ ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ವೈದ್ಯರಿಗೆ ಸಹಜವೆನಿಸಿದ್ದು ಜನರಿಗೂ ಸಹಜವೇ ಎಂದು ಕೇಳುವ ಹೊಣೆ ಆ ನಾಗರಿಕರದು.

ಸಮಿತಿಯ ಕಣ್ಣಿಗೆ ಬೀಳದ್ದು ಊರಿನಲ್ಲಿ ನಡೆದುಹೋಗಬಹುದು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ಆರಂಭವಾಯಿತು. ಕೆಲವು ಬಾಲಕಿಯರ ಸಾವಿನ ನಂತರ ಎದ್ದ ಪ್ರತಿಭಟನೆಯಿಂದ 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ಸಾವುಗಳಿಗೆ ಲಸಿಕೆಯೇ ಕಾರಣವೆಂದು ವಿಚಾರಣಾ ಸಮಿತಿ ಹೇಳಲಿಲ್ಲ. ಆದರೆ ಸಮ್ಮತಿ ಪಡೆದ ರೀತಿಯಲ್ಲಿ ಲೋಪ ಕಂಡಿತು. 2013ರ ಸಂಸದೀಯ ಸ್ಥಾಯಿ ಸಮಿತಿಯ ವರದಿಯಂತೆ 9,543 ಸಮ್ಮತಿ ಪತ್ರಗಳಲ್ಲಿ 2,763ಕ್ಕೆ ಸಹಿ ಮಾಡಿದವರು ವಸತಿ ನಿಲಯಗಳ ವಾರ್ಡನ್ನರು. ತಂದೆತಾಯಿಯರ ಊರಿಗೆ ಹೋಗಿ ವಿವರಿಸುವುದಕ್ಕಿಂತ ವಾರ್ಡನ್ನರ ಸಹಿ ಸುಲಭ. ಆದರೆ ಸೂಜಿ ಚುಚ್ಚಿದ್ದು ವಾರ್ಡನ್ನರ ತೋಳಿಗಲ್ಲ.

ಗದಗ ಜಿಲ್ಲೆಗೂ ಈ ಮಾತು ಅನ್ವಯಿಸುತ್ತದೆ. ಮುಂಡರಗಿ ತಾಲ್ಲೂಕಿನ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕ. ಶಾಲಾ ಮಕ್ಕಳ ಹಲ್ಲು ಪರೀಕ್ಷಿಸಲು, ಮೂತ್ರದ ಮಾದರಿ ಪಡೆಯಲು ತಂಡವೊಂದು ಬಂದಿತೆನ್ನೋಣ. ಮುಖ್ಯೋಪಾಧ್ಯಾಯರ ಅನುಮತಿ ಶಾಲೆಯ ಬಾಗಿಲನ್ನಷ್ಟೇ ತೆರೆಯುತ್ತದೆ. ಸಮ್ಮತಿ ಕೊಡಬೇಕಾದವರು ತಂದೆತಾಯಿ. 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆ, ಅದಕ್ಕಿಂತ ದೊಡ್ಡ ಮಗುವಿನ ಲಿಖಿತ ಒಪ್ಪಿಗೆಯೂ ಬೇಕು. ವರದಿಯಲ್ಲಿ ಊರಿನ ಹೆಸರು ಬಂದರೆ ಹೆಣ್ಣು ಕೊಡುವವರು, ತರುವವರು ಹಿಂಜರಿಯಬಹುದು. ಆ ನಷ್ಟ ಮಾದರಿ ಕೊಡದ ಮನೆಗೂ ತಟ್ಟುತ್ತದೆ. ಇದನ್ನು ದೂರದ ಸಮಿತಿಗಿಂತ ಪಂಚಾಯತ್ ಚೆನ್ನಾಗಿ ಬಲ್ಲದು.

ಆದಕಾರಣ ಅನುಮತಿ ನೀಡುವ ಮುನ್ನ ಪಂಚಾಯತ್ ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಈ ಐದು ಪ್ರಶ್ನೆಗಳನ್ನು ಕೇಳುವುದು ಉಚಿತ:

1. ನೈತಿಕ ಸಮಿತಿಯ ಅನುಮೋದನಾ ಪತ್ರದ ಪ್ರತಿ ಇದೆಯೇ?
2. ಮಾಹಿತಿ ಪತ್ರ ಸರಳ ಕನ್ನಡದಲ್ಲಿದೆಯೇ? ಓದು ಬಾರದವರಿಗೆ ಓದಿ ಹೇಳುವಾಗ ತಂಡಕ್ಕೆ ಸೇರದ ಅಕ್ಷರಸ್ಥ ಸಾಕ್ಷಿ ಇರುತ್ತಾರೆಯೇ?
3. ಒಲ್ಲೆನೆಂದವರಿಗೆ, ನಡುವೆ ಹಿಂದೆ ಸರಿದವರಿಗೆ ಆರೋಗ್ಯ ಕೇಂದ್ರದ ಸೇವೆ ಎಂದಿನಂತೆ ದೊರೆಯುವುದೇ?
4. ಸಂಶೋಧನೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಯಾರ ಹೊಣೆ?
5. ವ್ಯಕ್ತಿಯ ವಿವರ ಗುಪ್ತವಾಗಿರುವುದೇ? ಫಲಿತಾಂಶವನ್ನು ಊರಿಗೆ ಮರಳಿ ತಿಳಿಸಲಾಗುವುದೇ?

ಪ್ರಾಮಾಣಿಕ ಸಂಶೋಧಕರಿಗೆ ಈ ಪ್ರಶ್ನೆಗಳು ಅಡ್ಡಿಯಲ್ಲ. ಉತ್ತರ ಅವರ ಚೀಲದಲ್ಲಿಯೇ ಇರುತ್ತದೆ. ಉತ್ತರ ದೊರೆತ ಮೇಲೆ ಪಂಚಾಯತ್ ಅನುಮತಿ ಕೊಡಲಿ. ಅನಂತರವೂ ಮನೆಬಾಗಿಲಲ್ಲಿ ನಿಂತ ತಾಯಿ 'ಬೇಡ' ಎಂದರೆ ಅಧ್ಯಕ್ಷರ ಸಹಿ ಆಕೆಯ ಮಾತನ್ನು ಮೀರದಿರಲಿ. ಆಶಾ ಕಾರ್ಯಕರ್ತೆಯೂ ಆಕೆಯನ್ನು ಒತ್ತಾಯಿಸದೆ ಮುಂದಿನ ಮನೆಗೆ ನಡೆಯಲಿ.