ನವೋಮಿಯ ಲೆಕ್ಕದಲ್ಲಿ ಬಿಟ್ಟುಹೋದ ಹೆಸರು

(ಡಿಸೆಂಬರ್ 31ರ ಸಂಜೆ, ವರ್ಷಾಂತ್ಯದ ಕೃತಜ್ಞತಾ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಧರ್ಮಸಭೆಯ ಪಂಚಾಂಗದ ಪ್ರಕಾರ ನಮ್ಮ ಹೊಸ ವರ್ಷ ಆಗಮನ ಕಾಲದ ಮೊದಲನೆಯ ಭಾನುವಾರವೇ ಹುಟ್ಟಿಯಾಯಿತು. ಅದಕ್ಕೀಗ ತಿಂಗಳ ಕೂಸಿನ ವಯಸ್ಸು. ಆದರೂ ಡಿಸೆಂಬರ್ 31ರ ಸಂಜೆ ದೇವಾಲಯ ಹೀಗೆ ತುಂಬುತ್ತದೆ. ವರ್ಷವಿಡೀ ಹಿಂದಿನ ಬಾಗಿಲ ಬಳಿಯೇ ನಿಂತು ಪೂಜೆ ಮುಗಿಸುವವರೂ ಇಂದು ಒಳಗೆ ಬಂದು ಕುಳಿತಿದ್ದೀರಿ. ಸಂತೋಷ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮಗಳ ಪರೀಕ್ಷೆ, ಡಾಕ್ಟರ ಬಳಿ ಮತ್ತೆ ಹೋಗಬೇಕಾದ ತಾರೀಖು, ಇವನ್ನೆಲ್ಲ ನಾವು ಗುರುತು ಹಾಕಿಕೊಂಡದ್ದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿಯೇ. ನಮ್ಮ ಸುಖದುಃಖಗಳು ನಡೆದದ್ದು ಆ ಹನ್ನೆರಡು ಹಾಳೆಗಳ ಮೇಲೆ. ಅದನ್ನು ಮೊಳೆಯಿಂದ ಇಳಿಸುವ ಮುನ್ನ ದೇವರ ಮುಂದೆ ಒಮ್ಮೆ ತಿರುವಿ ನೋಡಬೇಕೆನಿಸುವುದು ಸಹಜ.

ಇಂದು ರಾತ್ರಿ ಕೊಚ್ಚಿ ಕೋಟೆಯಲ್ಲಿ 'ಪಪ್ಪಾಂಜಿ' ಎಂಬ ಮುದುಕನ ಬೊಂಬೆಯನ್ನು ಸುಡುತ್ತಾರೆ. ಗೋವೆಯ ಓಣಿಗಳಲ್ಲಿಯೂ ಹುಡುಗರು ಹಳೆಯ ಪ್ಯಾಂಟು ಶರ್ಟಿಗೆ ಹುಲ್ಲು ತುಂಬಿ ಮುದುಕನನ್ನು ಮಾಡಿ, ಬಂದುಹೋಗುವವರ ಬಳಿ ಚಿಲ್ಲರೆ ಕೇಳಿ, ನಡುರಾತ್ರಿ ಬೆಂಕಿ ಇಡುತ್ತಾರೆ. ಹಳೆಯ ವರ್ಷ ಸುಟ್ಟು ಬೂದಿಯಾಯಿತು ಎಂದು ಲೆಕ್ಕ. ಆ ಮೋಜಿಗೆ ನಮ್ಮ ತಕರಾರೇನೂ ಇಲ್ಲ. ಆದರೆ ಬೆಂಕಿ ಹಚ್ಚುವ ಮೊದಲು ಆ ಮುದುಕನ ಜೇಬನ್ನು ಯಾರಾದರೂ ತಡವಿ ನೋಡುತ್ತಾರೆಯೇ? ಅಷ್ಟು ಮಾತ್ರ ಕೇಳಬೇಕೆನಿಸುತ್ತದೆ.

ಧರ್ಮಸಭೆ ಈ ಸಂಜೆ 'ತೇ ದೇಯುಂ' ಎಂಬ ಪುರಾತನ ಸ್ತುತಿಗೀತೆಯನ್ನು ಹಾಡಿಸುತ್ತದೆ. ವರ್ಷದ ಕೊನೆಯ ದಿನ ಅದನ್ನು ಸಾರ್ವಜನಿಕವಾಗಿ ಹಾಡುವವರಿಗೆ, ನಿಯಮಿತ ಷರತ್ತುಗಳೊಡನೆ, ಪೂರ್ಣ ಪಾಪಶಿಕ್ಷಾವಿಮೋಚನೆಯನ್ನೂ ನೀಡುತ್ತದೆ. ಆದರೆ ಇಲ್ಲಿ ಕುಳಿತಿರುವ ಕೆಲವರ ಬಾಯಿಂದ ಇಂದು ಸ್ತುತಿ ಹೊರಡುವುದು ಕಷ್ಟ. ಹೋದ ಕ್ರಿಸ್ತಜಯಂತಿಗೆ ನಾಲ್ಕು ತಟ್ಟೆ ಇಟ್ಟ ಮನೆಯಲ್ಲಿ ಈ ಸಲ ಮೂರೇ ತಟ್ಟೆ. ನಿಶ್ಚಯವಾಗಿದ್ದ ಮದುವೆ ಮುರಿದ ಮನೆಯಿದೆ. ಕಂಪನಿ ಬಾಗಿಲು ಹಾಕಿದ್ದನ್ನು ಹೆಂಡತಿಗೆ ಹೇಳಲಾಗದೆ, ಬೆಳಗಾದರೆ ಊಟದ ಡಬ್ಬಿ ಹಿಡಿದು ಹೊರಡುವ ಗಂಡಸರಿದ್ದಾರೆ. ಅರ್ಧ ಎಕರೆ ತೋಟಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಈಗಲೂ ಇದೇ ದೇವಾಲಯದ ಎರಡು ಬದಿಗಳಲ್ಲಿ ಕುಳಿತಿರುತ್ತಾರೆ. 2020 ಮತ್ತು 2021ರಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಮುಖ ನೋಡಲಾಗದೆ ಮಣ್ಣು ಮಾಡಿದವರಿಗಂತೂ ವರ್ಷಗಳ ಎಣಿಕೆ ಅಲ್ಲಿಂದಲೇ ಶುರುವಾಗುತ್ತದೆ. ಇಂಥವರಿಗೆ "ಎಲ್ಲ ದೇವರ ಚಿತ್ತ, ಸಂತೋಷವಾಗಿರಿ" ಎನ್ನುವುದು ನಮ್ಮ ಕೆಲಸವಲ್ಲ. ಪವಿತ್ರ ಗ್ರಂಥವೇ ಹಾಗೆ ಅವಸರ ಮಾಡುವುದಿಲ್ಲ. ಬೆತ್ಲೆಹೇಮಿನ ನವೋಮಿಯನ್ನೇ ನೋಡಿ.

ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದರ್ಥ. ಆ ರೊಟ್ಟಿಯ ಮನೆಯಲ್ಲೇ ಬರ ಬಿತ್ತು. ಎಲೀಮೆಲೆಕ, ಅವನ ಹೆಂಡತಿ ನವೋಮಿ, ಇಬ್ಬರು ಗಂಡುಮಕ್ಕಳು ಹೊಟ್ಟೆಪಾಡಿಗಾಗಿ ಮೋವಾಬ್ ನಾಡಿಗೆ ಗುಳೆ ಹೋದರು. ಗುಳೆ ಎಂದರೇನೆಂದು ನಮ್ಮ ರಾಯಚೂರು, ಕಲಬುರಗಿ ಕಡೆಯ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಗಂಡ ತೀರಿಕೊಂಡ. ಮಕ್ಕಳು ಆ ನಾಡಿನ ಹುಡುಗಿಯರನ್ನು ಮದುವೆಯಾದರು. ಸುಮಾರು ಹತ್ತು ವರ್ಷದಲ್ಲಿ ಮಕ್ಕಳಿಬ್ಬರೂ ಹೋದರು. ಊರಲ್ಲಿ ಮಳೆಬೆಳೆ ಆಗಿದೆಯೆಂದು ಕೇಳಿ ನವೋಮಿ ಹಿಂದಿರುಗಿದಾಗ ಊರಿಗೆ ಊರೇ ಸೇರಿತು. ನೆರೆಯ ಹೆಂಗಸರಿಗೆ ಗುರುತು ಹತ್ತುವುದೇ ಕಷ್ಟವಾಯಿತು.

ಆಗ ಅವಳು ತನ್ನ ಲೆಕ್ಕ ಒಪ್ಪಿಸಿದಳು. ನವೋಮಿ ಎಂದರೆ ಸವಿ. ಇನ್ನು ಮೇಲೆ ನನ್ನನ್ನು ಹಾಗೆ ಕರೆಯಬೇಡಿ, ಕಹಿ ಎಂಬರ್ಥದ 'ಮಾರಾ' ಎಂದು ಕರೆಯಿರಿ ಎಂದಳು. ಯುಗಾದಿಯ ದಿನ ಪಕ್ಕದ ಮನೆಯವರು ಕೊಡುವ ಬೇವುಬೆಲ್ಲದಲ್ಲಿ ಬೆಲ್ಲ ಉಗುಳಿ ಬೇವನ್ನಷ್ಟೇ ಬಾಯಲ್ಲಿಟ್ಟುಕೊಂಡಂತೆ. ಹೋಗುವಾಗ ತುಂಬಿದವಳಾಗಿದ್ದೆ, ದೇವರು ಬರಿಗೈಲಿ ಕರೆತಂದರು ಎಂದು ದೂರಿದಳು.

ಇಲ್ಲಿ ಸ್ವಲ್ಪ ನಿಲ್ಲೋಣ. ಅವಳು ಹೋದದ್ದು ಬರಗಾಲದಲ್ಲಿ. ಹೊಟ್ಟೆಯೂ ಕಣಜವೂ ಖಾಲಿ ಇದ್ದಾಗ. ಆದರೂ ತುಂಬಿದವಳಾಗಿದ್ದೆ ಎನ್ನುತ್ತಾಳೆ, ಏಕೆಂದರೆ ಆಗ ಪಕ್ಕದಲ್ಲಿ ಗಂಡ ಮಕ್ಕಳಿದ್ದರು. ಹೊರಡುವ ದಿನ ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ! ಅಂದು ಅವಳು ಅಳುತ್ತಲೇ ಹೊರಟಿರಬೇಕು. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ಅದೇ ಭಾಗ್ಯದ ದಿನವಾಗಿತ್ತು.

ಇನ್ನೊಂದು ವಿಷಯ. ಬರಿಗೈಲಿ ಬಂದೆ ಎಂದು ಅವಳು ಊರ ಮುಂದೆ ಹೇಳುವಾಗ ಪಕ್ಕದಲ್ಲಿ ಒಬ್ಬಳು ನಿಂತಿದ್ದಾಳೆ. ಸೊಸೆ ರೂತಳು. ತನ್ನ ತಾಯಿಮನೆ, ತನ್ನ ದೇಶ, ತನ್ನ ದೇವರುಗಳನ್ನು ಬಿಟ್ಟು ಅತ್ತೆಯ ಹಿಂದೆ ನಡೆದು ಬಂದವಳು. ಅತ್ತೆಯ ಲೆಕ್ಕದಲ್ಲಿ ಅವಳ ಹೆಸರೇ ಇಲ್ಲ. ನಾವೆಲ್ಲ ಇದನ್ನು ಮಾಡುತ್ತೇವೆ. ಕಳೆದುಕೊಂಡವರ ಹೆಸರುಗಳು ನಾಲಿಗೆಯ ತುದಿಯಲ್ಲಿರುತ್ತವೆ, ಉಳಿದವರ ಹೆಸರು ಬಾಯಿಗೆ ಬರುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಮ್ಮೊಡನೆ ರಾತ್ರಿ ಕಳೆದ ಪಕ್ಕದ ಮನೆಯಾಕೆ ನಮ್ಮ ವರ್ಷದ ಲೆಕ್ಕದಲ್ಲಿ ಎಲ್ಲಿದ್ದಾಳೆ?

ರೂತಳು ಏನು ಮಾಡಿದಳು ನೋಡಿ. ಅತ್ತೇ, ನಾನಿದ್ದೀನಲ್ಲ ಎಂದು ಅವಳು ಊರವರ ಮುಂದೆ ವಾದಕ್ಕಿಳಿಯಲಿಲ್ಲ. ಊರ ಹೆಂಗಸರೂ ನವೋಮಿಯ ಬಾಯಿ ಮುಚ್ಚಿಸಲಿಲ್ಲ. ದುಃಖದ ಮನೆಗೆ ಹೋದಾಗ ಬಾಯಿ ಬಿಡಲೇಬೇಕು ಎಂದುಕೊಳ್ಳುವ ನಾವು, ಗುರುಗಳನ್ನೂ ಸೇರಿಸಿಯೇ ಹೇಳುತ್ತಿದ್ದೇವೆ, ಇದನ್ನು ಗಮನಿಸಬೇಕು. ಅದು ಜವೆಗೋದಿಯ ಸುಗ್ಗಿ ಆರಂಭವಾಗುತ್ತಿದ್ದ ಕಾಲ. ರೂತಳು ಹೊಲಕ್ಕೆ ಹೋಗಿ, ಕೊಯ್ಯುವವರು ಬಿಟ್ಟ ತೆನೆಗಳನ್ನು ಸಂಜೆಯ ತನಕ ಆಯ್ದಳು. ಬಡಿದಾಗ ಸುಮಾರು ಒಂದು ಏಫಾ, ಅಂದರೆ 20 ಲೀಟರಿಗೂ ಮಿಕ್ಕಿದ ಅಳತೆಯ ಕಾಳು ಸಿಕ್ಕಿತು. ಅದರ ಜೊತೆಗೆ, ಮಧ್ಯಾಹ್ನ ಹೊಲದಲ್ಲಿ ತನಗೆ ಕೊಟ್ಟಿದ್ದ ಹುರಿಗಾಳಿನಲ್ಲಿ ಮಿಗಿಸಿಟ್ಟುಕೊಂಡದ್ದನ್ನೂ ತಂದು ಅತ್ತೆಗೆ ಕೊಟ್ಟಳು. ಅಂದಿನ ಸಂಜೆಯೇ ನವೋಮಿಯ ಬಾಯಲ್ಲಿ ದೇವರ ದಯೆಯ ಮಾತು ಮರಳಿ ಬರುತ್ತದೆ. ಉಪದೇಶ ಕೇಳಿ ಬಂದದ್ದಲ್ಲ ಅದು, ಸೆರಗಿನಿಂದ ಬಿಚ್ಚಿಕೊಟ್ಟ ಹಿಡಿ ಹುರಿಗಾಳಿನಿಂದ ಬಂದದ್ದು.

ಮುಂದಿನದು ನಿಮಗೆ ಗೊತ್ತು. ಬೋವಜನೊಡನೆ ಮದುವೆ, ಓಬೇದನ ಜನನ, ಓಬೇದನ ಮೊಮ್ಮಗ ಅರಸ ದಾವೀದ. ಮತ್ತಾಯನ ಶುಭಸಂದೇಶದ ವಂಶಾವಳಿಯಲ್ಲಿ, ಯೇಸುಸ್ವಾಮಿಯ ಪೂರ್ವಜರ ಸಾಲಿನಲ್ಲಿ ರೂತಳ ಹೆಸರಿದೆ. ಅತ್ತೆ ಎಣಿಸದೆ ಬಿಟ್ಟ ಹೆಸರು! ಆದರೆ ಎಲೀಮೆಲೆಕ ಎದ್ದು ಬರಲಿಲ್ಲ, ಆ ಇಬ್ಬರು ಮಕ್ಕಳೂ ಮರಳಲಿಲ್ಲ. ಮೊಮ್ಮಗನನ್ನು ಮಡಿಲಲ್ಲಿ ಇಟ್ಟುಕೊಂಡ ನವೋಮಿಯ ಎದೆಯಲ್ಲಿ ಮೂರು ಸಮಾಧಿಗಳು ಹಾಗೆಯೇ ಇದ್ದವು. ಇಡೀ ಗ್ರಂಥದಲ್ಲಿ ಯಾರೊಬ್ಬರೂ ಅವಳನ್ನು ಒಮ್ಮೆಯೂ ಮಾರಾ ಎಂದು ಕರೆಯುವುದಿಲ್ಲ ಎಂಬುದನ್ನೂ ಗಮನಿಸಿ.

1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಸಂತ ಇಗ್ನೇಷಿಯಸ್ಸರು, ತಮ್ಮ ಮನಸ್ಸಿನ ಏರಿಳಿತವನ್ನು ನೋಡಲು ಕಲಿತದ್ದು ಆ ಹಾಸಿಗೆಯಲ್ಲೇ. ಮುಂದೆ ಅವರು ಆತ್ಮಪರಿಶೋಧನೆಗೆ ಐದು ಹೆಜ್ಜೆಗಳನ್ನು ಬರೆದರು. ಐದನ್ನೂ ಇಲ್ಲಿ ವಿವರಿಸುವುದಿಲ್ಲ, ಚಳಿ ಇದೆ, ಮಕ್ಕಳಿಗೆ ನಿದ್ದೆ ಬರುತ್ತಿದೆ. ಆದರೆ ಅವುಗಳಲ್ಲಿ ಮೊದಲನೆಯದು ಪಡೆದುದಕ್ಕೆ ದೇವರಿಗೆ ವಂದನೆ. ಪಾಪದ ಲೆಕ್ಕ ಆಮೇಲೆ. ನಾವೋ, ವರ್ಷದ ಕೊನೆಗೆ ಕುಳಿತರೆ ದೂರಿನಿಂದ ಶುರುಮಾಡಿ, ವಂದನೆಯ ಹೊತ್ತಿಗೆ ದಣಿದು ಎದ್ದುಬಿಡುತ್ತೇವೆ.

ಪ್ರತಿ ಧರ್ಮಕೇಂದ್ರದಲ್ಲಿಯೂ ದೀಕ್ಷಾಸ್ನಾನ, ವಿವಾಹ, ಮರಣ, ಈ ಮೂರು ಪುಸ್ತಕಗಳಿರಬೇಕೆಂಬುದು ಧರ್ಮಸಭೆಯ ಕಾನೂನು. ವರ್ಷದ ಕೊನೆಗೆ ನಾವು ಅವನ್ನು ಒಟ್ಟಿಗೆ ಮೇಜಿನ ಮೇಲೆ ಬಿಚ್ಚಿಡುತ್ತೇವೆ. ಒಂದೇ ಮನೆಯ ಹೆಸರು ಜೂನ್‌ನಲ್ಲಿ ಮರಣದ ಪುಸ್ತಕದಲ್ಲಿ, ಅಕ್ಟೋಬರ್‌ನಲ್ಲಿ ದೀಕ್ಷಾಸ್ನಾನದ ಪುಸ್ತಕದಲ್ಲಿ, ಅದೇ ಕೈಬರಹದಲ್ಲಿ ಇರುತ್ತದೆ. ದೀಕ್ಷಾಸ್ನಾನದ ಪುಟದ ಅಂಚನ್ನು ಖಾಲಿ ಬಿಡುವುದು ದೃಢೀಕರಣ, ವಿವಾಹಗಳನ್ನು ಮುಂದೆ ಅಲ್ಲಿ ಗುರುತಿಸುವುದಕ್ಕಾಗಿ. ಮಗು ಅತ್ತು ಕಿರುಚಿದ ದಿನವೇ ಆ ಅಂಚಿಗೆ ಜಾಗ ಮೀಸಲಿಟ್ಟಿರುತ್ತೇವೆ. ಒಂದು ಪುಸ್ತಕವನ್ನಷ್ಟೇ ಬಿಚ್ಚಿ ಒಂದು ಮನೆಯ ವರ್ಷ ಹೇಗಿತ್ತು ಎಂದು ಹೇಳಲು ಬರುವುದಿಲ್ಲ.

ಇಂದಿನ ಶುಭಸಂದೇಶದಲ್ಲಿ ಮಾತೆ ಮರಿಯಮ್ಮನವರು ನಡೆದುದೆಲ್ಲವನ್ನೂ ಮನಸ್ಸಿನಲ್ಲಿಟ್ಟು ಆಲೋಚಿಸಿದರೆಂದು ಸಂತ ಲೂಕ ಬರೆಯುತ್ತಾರೆ. ಅವರು ಬಳಸಿದ ಗ್ರೀಕ್ ಪದಕ್ಕೆ ಬಿಡಿಬಿಡಿಯಾದುದನ್ನು ಒಟ್ಟಿಗೆ ಕೂಡಿಸುವುದು ಎಂಬ ಅರ್ಥವಿದೆ. ಛತ್ರದಲ್ಲಿ ಸಿಗದ ಜಾಗ, ಕುರುಬರ ಸಂಭ್ರಮ, ಗೋದಲಿಯ ಹುಲ್ಲು, ಎಲ್ಲವೂ ಒಟ್ಟಿಗೆ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಹರಿದ ಧೋತರ, ತೀರಿಕೊಂಡವರ ಅಂಗಿಯ ತುಂಡು ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ಕೌದಿ ಹೊಲಿಯುತ್ತಾರಲ್ಲ, ಹಾಗೆ. ಚಳಿಗೆ ಹೊದೆಯುವಾಗ ಯಾವ ತುಂಡು ಯಾರದೆಂದು ಅಜ್ಜಿಗೆ ಮಾತ್ರ ಗೊತ್ತಿರುತ್ತದೆ.

ಇಂದು ರಾತ್ರಿ ಮನೆಯಲ್ಲಿ ಜಪಸರ ಮುಗಿದ ಮೇಲೆ ಟಿವಿ ಹಾಕುವ ಮೊದಲು ಹತ್ತು ನಿಮಿಷ ಕೂರಿ. ಈ ವರ್ಷ ನಿಮ್ಮ ಪಕ್ಕದಲ್ಲಿ ನಿಂತ ಒಬ್ಬರ ಹೆಸರನ್ನು ಮನೆಯ ಪ್ರತಿಯೊಬ್ಬರೂ ಹೇಳಲಿ, ಮಕ್ಕಳೂ ಹೇಳಲಿ. ನಾಳೆ ಬೆಳಿಗ್ಗೆ, ಕೇಕು ಮುಗಿದಿದ್ದರೂ ಸರಿ, ಅವರ ಮನೆಗೆ ಒಮ್ಮೆ ಹೋಗಿಬನ್ನಿ. ಆ ತೋಟದ ಅಣ್ಣತಮ್ಮಂದಿರು ಸಮಾಧಾನದ ಕುರುಹು ಹಂಚಿಕೊಳ್ಳುವ ಹೊತ್ತಿಗೆ ನಡುವಿನ ದಾರಿಯನ್ನು ದಾಟಿದರೆ ಪೂಜೆ ಎರಡು ನಿಮಿಷ ತಡವಾಗಬಹುದು. ನಾವು ಕಾಯುತ್ತೇವೆ.

ಈಗ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಕಟಣೆ ಮಾಡೋಣ. ಅನಂತರದ ಭಕ್ತವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಈ ವರ್ಷ ನಮ್ಮನ್ನಗಲಿದವರ ಹೆಸರುಗಳನ್ನೂ, ದೀಕ್ಷಾಸ್ನಾನ ಪಡೆದ ಮಕ್ಕಳ ಹೆಸರುಗಳನ್ನೂ ಬೆರೆಸಿ, ತಿಂಗಳ ಕ್ರಮದಲ್ಲಿ ಓದುತ್ತೇವೆ. ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ ಪೂಜೆಯಾದ ಮೇಲೆ ದಯವಿಟ್ಟು ಸಕ್ರಿಸ್ತಿಗೆ ಬಂದು ಬರೆಸಿ.