ಸದ್ದಿನ ಜಾಡು ಹಿಡಿಯುವ ವಿದ್ಯೆ



ಕಾರಿನ ಮುಂದಿನ ಸಸ್ಪೆನ್ಷನ್‌ನಿಂದ ಬರುವ ಲೊಟಕ್ ಸದ್ದಿಗಾಗಿ ಒಂದು ವಿಚಾರ ಸಂಕಿರಣವೇ ಬೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಬೇಕು. ಅದಕ್ಕೆ ಕಾರಣವನ್ನು ಹೇಳಲೆಂದೇ ನಾನು ಬಂದಿದ್ದೇನೆ. ಗಿರಾಕಿ ಬಂದು ‘ಮುಂದೆ ಏನೋ ಸೌಂಡ್ ಬರ್ತಿದೆ ನೋಡಿ’ ಅನ್ನುತ್ತಾರೆ. ಮೊದಲು ಲಿಂಕ್ ರಾಡ್ ಬದಲಾಗುತ್ತದೆ, ಆಮೇಲೆ ಲೋವರ್ ಆರ್ಮ್, ಕೊನೆಗೆ ಎರಡೂ ಕಡೆಯ ಶಾಕ್ ಅಬ್ಸಾರ್ಬರ್. ಬಿಲ್ಲು ಬೆಳೆಯುತ್ತದೆ, ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ.

ಇಂಥದೇ ಒಂದು ಕಾರು ನಮ್ಮ ವರ್ಕ್‌ಶಾಪಿಗೆ ಬಂದಿತ್ತು. ಈಗ ಹೇಳಿದ ಭಾಗಗಳೆಲ್ಲ ಅದರಲ್ಲಿ ಹೊಸದಾಗಿದ್ದವು. ‘ಇತ್ತೀಚೆಗೆ ಬೇರೆ ಏನು ಕೆಲಸ ಮಾಡಿಸಿದಿರಿ’ ಎಂದು ಕೇಳಿದಾಗ ಮಾಲೀಕರು ಕ್ಲಚ್ ಹಾಕಿಸಿದ್ದನ್ನು ನೆನಪಿಸಿಕೊಂಡರು. ಕಾರನ್ನು ಮೇಲೆತ್ತಿ ಟಾರ್ಚ್ ಹಿಡಿದು ನೋಡಿದೆವು. ಸಬ್‌ಫ್ರೇಮಿನ ಎಡಗಡೆ ಹಿಂದಿನ ಬೋಲ್ಟಿನ ವಾಷರ್ ಸುತ್ತ ತುಕ್ಕು, ಕೆಸರು ಏನೂ ಇಲ್ಲದೆ ಉಗುರಗಲದ ಕಬ್ಬಿಣ ಬೆಳ್ಳಗೆ ಮಿನುಗುತ್ತಿತ್ತು. ಲೋಹಕ್ಕೆ ಲೋಹ ದಿನವೂ ಉಜ್ಜುತ್ತಿದ್ದ ಗುರುತು ಅದು. ಆ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿದ ಮೇಲೆ ಸದ್ದು ನಿಂತಿತು. ಮುಂಚಕ್ರದಿಂದ ಓಡುವ ಕಾರುಗಳಲ್ಲಿ ಕ್ಲಚ್ ಕೆಲಸಕ್ಕೆ ಆಕ್ಸಲ್ ಬಿಚ್ಚಬೇಕು, ಬಾಲ್ ಜಾಯಿಂಟ್ ಬಿಡಿಸಬೇಕು, ಎಷ್ಟೋ ಮಾದರಿಗಳಲ್ಲಿ ಸಬ್‌ಫ್ರೇಮನ್ನೂ ಇಳಿಸಬೇಕು. ಆದ್ದರಿಂದ ಹಳೆಯ ರಿಪೇರಿಯ ವಿಚಾರಣೆಯೇ ತಪಾಸಣೆಯ ಮೊದಲ ಹೆಜ್ಜೆ.

ಹಿಂದಿನ ಕಾರುಗಳಲ್ಲಿ ಹುಡುಕಾಟ ಇಷ್ಟು ಕಷ್ಟವಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮ್ಯಾಕ್‌ಫರ್ಸನ್ ಸ್ಟ್ರಟ್ ನಮ್ಮ ಮೆಕ್ಯಾನಿಕ್‌ಗಳಿಗೆಲ್ಲ ಪರಿಚಿತವಾಯಿತು. ಅಂಬಾಸಡರ್‌ನ ಮುಂದೆ ಇದ್ದದ್ದು ಟಾರ್ಷನ್ ಬಾರ್. ಅದರ ಕೀಲುಗಳಿಗೆ ಆಗಾಗ ಗ್ರೀಸ್ ಹೊಡೆಯಬೇಕಿತ್ತು, ಹೊಡೆಯುವಾಗ ಅವು ಸವೆದದ್ದು ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಇಂದಿನ ಬಾಲ್ ಜಾಯಿಂಟ್ ರಬ್ಬರ್ ಬೂಟಿನೊಳಗೆ ಮುಚ್ಚಿಕೊಂಡಿರುತ್ತದೆ. ಬೂಟು ಹರಿದರೆ ಮಳೆನೀರು, ಕೆಸರು ಒಳಗೆ ಸೇರಿ ಕೀಲನ್ನು ತಿನ್ನುತ್ತವೆ. ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ. ಹುಡುಕುವ ವಿದ್ಯೆಯ ಅಗತ್ಯ ಅಂದಿಗಿಂತ ಇಂದು ಹೆಚ್ಚಾಗಿರುವುದು ಇದಕ್ಕೇ.

ಸದ್ದು ಹುಟ್ಟುವ ಜಾಗವೇ ಬೇರೆ, ಕೇಳಿಸುವ ಜಾಗವೇ ಬೇರೆ. ಉಕ್ಕಿನ ಬಾಡಿ ಸದ್ದನ್ನು ಎತ್ತಲಿಂದೆತ್ತಲೋ ಒಯ್ಯುತ್ತದೆ; ಎಡಚಕ್ರದ ಲೊಟಕ್ಕು ಡ್ಯಾಶ್‌ಬೋರ್ಡಿನ ನಡುವೆ ಕೇಳಿಸಬಹುದು. ಹೀಗಾಗಿ ಕಿವಿಯ ಸಾಕ್ಷ್ಯವೊಂದೇ ಸಾಲದು, ಸದ್ದು ಯಾವಾಗ ಬರುತ್ತದೆ ಎಂಬುದು ಗೊತ್ತಾಗಬೇಕು. ಡಿಕ್ಕಿಯಲ್ಲಿರುವ ಜಾಕು, ಸ್ಪ್ಯಾನರುಗಳನ್ನು ಕೆಳಗಿಳಿಸಿ, ಮಾಲೀಕರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಡಿ. ಹರಿದ ಡಾಂಬರಿನ ಮೇಲೆ ನಿಧಾನವಾಗಿ ಹೋಗುವಾಗ ಕಟಕಟ ಎನ್ನುತ್ತದೆ, ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅಷ್ಟಾಗಿ ಕೇಳುವುದಿಲ್ಲ ಎಂದಾದರೆ ಅನುಮಾನ ಸ್ಟೆಬಿಲೈಸರ್ ಬಾರಿನ ಲಿಂಕ್, ಅಂದರೆ ಲಿಂಕ್ ರಾಡ್ ಮೇಲೆ. ಎರಡು ಚಕ್ರ ಸಮನಾಗಿ ಏಳುವಾಗ ಆ ಬಾರ್ ತಿರುಚಿಕೊಳ್ಳುವುದಿಲ್ಲ. ಬ್ರೇಕ್ ಒತ್ತಿದಾಗ ಒಮ್ಮೆ, ರಿವರ್ಸ್ ಹೊರಟಾಗ ಒಮ್ಮೆ ದಡ್ ಎಂದರೆ ಲೋವರ್ ಆರ್ಮಿನ ಹಿಂದಿನ ಬುಶ್ ನೋಡಿ; ಎಂಜಿನ್ ಮೌಂಟ್ ಹೋದಾಗಲೂ ಹೀಗೇ ಆಗುತ್ತದೆ ಎಂಬುದು ನೆನಪಿರಲಿ. ಬ್ರೇಕನ್ನು ಮೆಲ್ಲಗೆ ತಾಗಿಸಿದ ಕೂಡಲೇ ಸದ್ದು ಅಡಗಿದರೆ ಅದು ಕ್ಯಾಲಿಪರ್ ಅಥವಾ ಪ್ಯಾಡಿನದು, ಸಸ್ಪೆನ್ಷನ್ ಮುಟ್ಟುವ ಅಗತ್ಯವೇ ಇಲ್ಲ. ನಿಂತ ಕಾರಿನಲ್ಲಿ ಒಬ್ಬರು ಸ್ಟೀರಿಂಗ್ ತಿರುಗಿಸುತ್ತಿರುವಾಗ ಸ್ಪ್ರಿಂಗ್ ಮೇಲೆ ಬೆರಳಿಡಿ. ಅದು ಸರಾಗವಾಗಿ ತಿರುಗದೆ ತಡೆದು ಜಿಗಿದರೆ ಸ್ಟ್ರಟ್ ಮೌಂಟಿನ ಬೇರಿಂಗ್ ಕೆಟ್ಟಿದೆ.

ನಾವು ಪಾಠದಲ್ಲಿ ಒತ್ತಿ ಹೇಳದ ಒಂದು ಸಂಗತಿ ಇಲ್ಲಿದೆ. ಯಾವ ಕೀಲು ಯಾವ ಸ್ಥಿತಿಯಲ್ಲಿ ತನ್ನ ಸಡಿಲ ತೋರಿಸುತ್ತದೆ ಎಂಬುದನ್ನು ತಿಳಿಯದೆ ಅಲ್ಲಾಡಿಸಿದರೆ ಏನೂ ಸಿಗುವುದಿಲ್ಲ. ಒಂದೇ ಚಕ್ರವನ್ನು ಜಾಕ್‌ ಮೇಲೆತ್ತಿದಾಗ ಸ್ಟೆಬಿಲೈಸರ್ ಬಾರ್ ತಿರುಚಿ ಲಿಂಕನ್ನು ಬಿಗಿಹಿಡಿಯುತ್ತದೆ. ಸವೆದ ಲಿಂಕು ಆಗ ಗಟ್ಟಿಯಾಗಿಯೇ ಇದ್ದಂತೆ ಕಾಣುತ್ತದೆ. ಎರಡೂ ಚಕ್ರ ಸಮಮಟ್ಟದಲ್ಲಿರುವಾಗ ಕೈಯಿಂದ ಅಲುಗಿಸಿ ನೋಡಬೇಕು. ಬಾಲ್ ಜಾಯಿಂಟಿನ ವಿಷಯ ಬೇರೆ. ಸ್ಟ್ರಟ್ ಇರುವ ಕಾರಿನಲ್ಲಿ ಚಕ್ರ ಗಾಳಿಯಲ್ಲಿ ತೂಗುತ್ತಿರಬೇಕು. ಸ್ಪ್ರಿಂಗ್ ಕೆಳಗಿನ ಆರ್ಮಿನ ಮೇಲೆ ಕೂತಿರುವ ಡಬಲ್ ವಿಶ್‌ಬೋನ್ ಗಾಡಿಯಲ್ಲಾದರೆ ಜಾಕನ್ನು ಆ ಆರ್ಮಿಗೇ ಕೊಟ್ಟು ಕೀಲಿನ ಭಾರ ಇಳಿಸಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುವಾಗ ಇನ್ನೊಬ್ಬರು ಬ್ರೇಕ್ ಒತ್ತಲಿ: ಅಲುಗಾಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಅಕ್ಕಪಕ್ಕ ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್ ಎಂಡ್. ಅನುಮಾನ ಲಿಂಕಿನ ಮೇಲೇ ನಿಂತರೆ ಎರಡನ್ನೂ ಬಿಚ್ಚಿಟ್ಟು ಆವರಣದೊಳಗೆ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಒಂದು ರೂಪಾಯಿ ಖರ್ಚಿಲ್ಲದೆ ತೀರ್ಮಾನ ಸಿಗುತ್ತದೆ.

ರಬ್ಬರ್ ಬುಶ್‌ಗಳ ಬಗ್ಗೆ ಒಂದು ಮಾತು. ಹೊಸ ಆರ್ಮ್ ಹಾಕಿದವರು ಚಕ್ರ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದುಬಿಡುತ್ತಾರೆ. ಕಾರು ನೆಲಕ್ಕಿಳಿದ ಗಳಿಗೆಯಿಂದ ಆ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆಮೇಲೆ ‘ಸ್ಪೇರ್ ಡೂಪ್ಲಿಕೇಟು’ ಎಂಬ ದೂರು. ಕಾರಿನ ಭಾರ ಚಕ್ರದ ಮೇಲೆ ಕೂತ ಬಳಿಕವೇ ಕೊನೆಯ ಬಿಗಿತ ಕೊಡಬೇಕು.

ರಸ್ತೆಯ ತಪ್ಪೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದಾಗಿತ್ತು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲು ಲೆಕ್ಕ ಹಾಕಿದ್ದು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಕಾಂಕ್ರೀಟ್ ದಿಣ್ಣೆಗಳಿಗೆ ಆ ಲೆಕ್ಕವಿಲ್ಲ. ಸಸ್ಪೆನ್ಷನ್ ತಿನ್ನುವ ಏಟು ಅಲ್ಲಿಂದಲೂ ಬರುತ್ತದೆ. ಆದರೆ ರಸ್ತೆಯನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಸವೆದ ಲಿಂಕ್ ರಾಡ್ ಕಿರಿಕಿರಿ ಮಾಡೀತು, ಅಷ್ಟೇ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಹತೋಟಿ ತಪ್ಪುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಹಾಗಾದರೆ ಒಳಗಿರುವ ಕುಟುಂಬದ ಗತಿಯೇನು? ಲಿಂಕಿನ ಕಿರಿಕಿರಿ, ಬಾಲ್ ಜಾಯಿಂಟಿನ ಅಪಾಯ ಎರಡೂ ಒಂದೇ ಬಗೆಯ ಲೊಟಕ್ ಸದ್ದಿನಿಂದ ಶುರುವಾಗಬಹುದು.

ಮೆಕ್ಯಾನಿಕ್‌ಗೆ ಬಿಚ್ಚಿ ಜೋಡಿಸಿದ್ದಕ್ಕೆ ಕೂಲಿ ಸಿಗುತ್ತದೆ, ಹುಡುಕಿದ್ದಕ್ಕೆ ಸಿಗುವುದಿಲ್ಲ. ಒಂದು ಗಂಟೆ ತಡಕಾಡಿ ‘ಬೋಲ್ಟ್ ಸಡಿಲವಿತ್ತು, ಬಿಗಿದಿದ್ದೇನೆ’ ಎಂದರೆ ಗಿರಾಕಿ ಇಪ್ಪತ್ತೋ ಐವತ್ತೋ ರೂಪಾಯಿ ಕೈಗಿಟ್ಟು ಹೋಗುತ್ತಾರೆ. ಅದೇ ಮೆಕ್ಯಾನಿಕ್ ಬೇಡದ ಆರ್ಮ್ ಬದಲಿಸಿದರೆ ಕೂಲಿಯೂ ಬರುತ್ತದೆ, ಬಿಡಿಭಾಗದ ಲಾಭವೂ ಬರುತ್ತದೆ. ಹೀಗಿರುವಾಗ ಪ್ರಾಮಾಣಿಕನಾಗಿರು ಎಂದು ಉಪದೇಶ ಮಾಡಿದರೆ ಸಾಲದು. ತಪಾಸಣೆಗೆ ಪ್ರತ್ಯೇಕ ದರ ಇರಬೇಕು, ಅದನ್ನು ಬೋರ್ಡಿನ ಮೇಲೆ ಬರೆದು ಹಾಕಬೇಕು, ಗಿರಾಕಿ ಅದನ್ನು ಸಂತೋಷದಿಂದ ಕೊಡಬೇಕು.

ಐಟಿಐ, ಪಾಲಿಟೆಕ್ನಿಕ್ ಬೋಧಕರಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಲ್ಯಾಬಿನಲ್ಲಿ ಓಡುವ ಒಂದು ಹಳೆಯ ಕಾರನ್ನು ಇಟ್ಟುಕೊಳ್ಳಿ. ವಾರಕ್ಕೊಂದು ಸವೆದ ಭಾಗವನ್ನು ವಿದ್ಯಾರ್ಥಿಗಳಿಗೆ ಹೇಳದೆ ಅದಕ್ಕೆ ಜೋಡಿಸಿ, ಸ್ಪ್ಯಾನರ್ ಮುಟ್ಟುವ ಮೊದಲು ಕಾರಣ ಬರೆದುಕೊಡುವಂತೆ ಹೇಳಿ, ಅಂಕ ಅದಕ್ಕೇ ಕೊಡಿ. ಗ್ಯಾರೇಜಿನ ಬಂಧುಗಳೇ, ಈ ಸಂಕಿರಣ ಮುಗಿಯುವುದರೊಳಗೆ ನಾವೆಲ್ಲ ಸೇರಿ ಒಂದು ಪುಟದ ತಪಾಸಣಾ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸೋಣ, ದರವನ್ನೂ ಇಲ್ಲೇ ಕೂತು ನಿಗದಿ ಮಾಡೋಣ. ನಿಮ್ಮ ಕೈಯ ಅನುಭವ ಇಲ್ಲದೆ ಆ ಪಟ್ಟಿ ಪೂರ್ತಿಯಾಗುವುದಿಲ್ಲ, ಗೋಷ್ಠಿಗಳಲ್ಲಿ ಸಂಕೋಚವಿಲ್ಲದೆ ಮಾತಾಡಿ.